ಲಿಲ್ಲಿ ಬಾಯಿಯ ಮನೆಗೆ ಹೋದ ವಯರು

ನನ್ನ ಬ್ಯಾಗಿನಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಅಯಸ್ಕಾಂತವಿದೆ. ಕಾಪುವಿನ ದೀಪಸ್ತಂಭದ ಆಕಾರದ್ದು. ಪ್ರವಾಸಿಗರಿಗೆಂದು ಮಾಡಿದ ವಸ್ತು. ಆ ದೀಪಸ್ತಂಭದ ಕಣ್ಣಳತೆಯಲ್ಲೇ ಸಂಸಾರ ಮಾಡಿಕೊಂಡಿರುವ ನಾವು ಅದನ್ನು ಯಾಕೆ ಕೊಂಡೆವೋ ದೇವರಿಗೇ ಗೊತ್ತು. ಮೊನ್ನೆ ಉಡುಪಿಯ ಬಸ್ಸಿನಲ್ಲಿ ಚಿಲ್ಲರೆಗೆ ತಡಕಾಡುವಾಗ ನಾಣ್ಯಗಳ ಜೊತೆ ಅದೂ ಕಂಡಕ್ಟರನ ಕೈಗೆ ಹೋಯಿತು. ಅವನು ತಿರುಗಿಸಿ ನೋಡಿ, "ಅಕ್ಕಾ, ಇದು ಯಾವ ದೇಶದ್ದು?" ಎಂದ. ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಆದರೆ ಅದನ್ನು ಮತ್ತೆ ಬ್ಯಾಗಿಗೇ ಹಾಕಿಕೊಂಡೆ. ಫ್ರಿಜ್ಜಿಗೆ ಮರಳಿಸಲು ಇನ್ನೂ ಮನಸ್ಸು ಬರುತ್ತಿಲ್ಲ. ಯಾಕೆಂದು ಹೇಳಬೇಕಾದರೆ ಒಂದು ವಯರಿನ ಕಥೆ ಹೇಳಬೇಕು. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ. ಆ ವಯರೂ ಹಾಗೆಯೇ ಹೋಗಿತ್ತು.

ನಮ್ಮ ಮನೆ ಹೆದ್ದಾರಿಗೂ ಕಡಲಿಗೂ ನಡುವೆ. ಹಿಂದಿನ ಕಂಪೌಂಡು ಗೋಡೆಯ ಆಚೆ ಲಿಲ್ಲಿ ಬಾಯಿಯ ಮನೆ. ಅವರು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ, ಪುರುಸೊತ್ತು ಸಿಗಲಿಲ್ಲ ಎಂದು ಅವರೇ ಹೇಳುವುದು. ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಅವರಿಂದ ಹಾಡು ಕಲಿತ ಮಕ್ಕಳೆಲ್ಲ ಈಗ ದೊಡ್ಡವರಾಗಿ ಕುವೈತು, ಮುಂಬಯಿ, ಕಾರ್ಕಳ ಎಂದು ಹರಡಿಹೋಗಿದ್ದಾರೆ. ಆದರೆ ಲಿಲ್ಲಿ ಬಾಯಿ ಅವರನ್ನು ಬಿಟ್ಟಿಲ್ಲ. ಸಂಜೆಯಾದರೆ ಮೇಜಿನ ಒಂದು ಕಡೆ ಲ್ಯಾಪ್‌ಟಾಪು, ಇನ್ನೊಂದು ಕಡೆ ಹಾರ್ಮೋನಿಯಂ ಇಟ್ಟುಕೊಂಡು, ಅವರನ್ನೆಲ್ಲ ಪರದೆಯ ಮೇಲೆ ಸಾಲಾಗಿ ಕೂರಿಸಿ ಕೊಂಕಣಿಯಲ್ಲಿ ಗದರಿಸುತ್ತಾರೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ಹಾಡಿದರೆ ತಾಳ ಕೂಡುವುದಿಲ್ಲ. ಹಾಗಾಗಿ ಒಬ್ಬೊಬ್ಬರಾಗಿ ಹಾಡಬೇಕು, ಉಳಿದವರು ಸುಮ್ಮನೆ ಕೇಳಬೇಕು. ಶಾಲೆಯಲ್ಲಿ ಸಿಗದ ಶಿಸ್ತು ಈ ಯಂತ್ರದಿಂದ ಸಿಕ್ಕಿತು ಎಂದು ಅವರಿಗೆ ಒಳಗೊಳಗೇ ಖುಷಿ.

ಕಂಪೆನಿಯ ಇಂಟರ್ನೆಟ್ಟು ಬಂದದ್ದು ನಮ್ಮ ಮನೆಯ ತನಕ ಮಾತ್ರ. ಅವರ ಮನೆ ಗದ್ದೆಯ ಕಡೆಗಿದೆ, ಅಲ್ಲಿಗೆ ಕಂಬವಿಲ್ಲ. ವೈಫೈ ಹಂಚಿಕೊಳ್ಳೋಣವೆಂದರೆ ಎರಡೂ ಮನೆಗಳು ಮುರಕಲ್ಲಿನವು. ಆ ದಪ್ಪ ಕೆಂಪುಗೋಡೆಗಳನ್ನು ದಾಟಿ ಆಚೆಗೆ ತಲುಪುವುದು ನನ್ನ ಅತ್ತೆಯ ಸ್ವರ ಒಂದೇ. "ವಿನಯಾ, ಒಂದು ವಯರು ಎಳೆದುಬಿಡು ಮಾರಾಯ್ತಿ," ಎಂದರು ಲಿಲ್ಲಿ ಬಾಯಿ, "ಕುವೈತಿನ ನನ್ನ ಸೊಪ್ರಾನೊ, ಮೇಲಿನ ಸ್ವರದವಳು, ಅರ್ಧ ಹಾಡಿಗೆ ಪರದೆಯಲ್ಲಿ ಕಲ್ಲಾಗಿ ನಿಂತುಬಿಡ್ತಾಳೆ."

ನಾನು ಮಣಿಪಾಲದ ಒಂದು ಕಚೇರಿಗೆ ಮನೆಯಿಂದಲೇ ವರದಿಗಳನ್ನು ತಿದ್ದಿಕೊಡುವವಳು. ಓದಿ ತಿಳಿಯದೆ ಒಂದು ಪೊರಕೆಯನ್ನೂ ತರುವವಳಲ್ಲ. ವಯರನ್ನು ತರುತ್ತೇನೆಯೇ? ವಾರಗಟ್ಟಲೆ ಓದಿದೆ. ಕ್ಯಾಟ್ ಫೈವ್ ಸಾಕೇ, ಕ್ಯಾಟ್ ಸಿಕ್ಸ್ ಬೇಕೇ? ಅಪ್ಪಟ ತಾಮ್ರವೇ, ತಾಮ್ರದ ಲೇಪನ ಹಚ್ಚಿದ ಅಲ್ಯುಮಿನಿಯಮ್ಮೇ? ತುಂಡನ್ನು ಕೆರೆದು ನೋಡಬೇಕಂತೆ. ಒಳಗೆ ಬೆಳ್ಳಗಿದ್ದರೆ ಮೋಸ. ನಮ್ಮ ಉಪ್ಪುಗಾಳಿಗೆ ತಾಳುವ ಹೊದಿಕೆ, ಬಿಸಿಲಿಗೆ ಬಿರಿಯದ ಹೊದಿಕೆ, ಅಳಿಲು ಕಚ್ಚಿದರೆ ಅಳಿಲಿಗೇ ಬೇಸರವಾಗುವಂಥ ಹೊದಿಕೆ. ಕೊನೆಗೆ ಎಲ್ಲಕ್ಕೂ ಉತ್ತರವಾಗಿ ಒಂದನ್ನು ತರಿಸಿದೆ: ಕ್ಯಾಟ್ ಸಿಕ್ಸ್, ಅಪ್ಪಟ ತಾಮ್ರ, ಸುತ್ತಲೂ ಲೋಹದ ಕವಚ. ಕಪ್ಪಗೆ, ದಪ್ಪಗೆ, ಕೇರೆ ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಬಂತು.

ಅದರ ತುದಿ ಬಿಡಿಸಿದ ದಿನ ನಾನು ಕೆಲಸ ಮರೆತು ಕೂತಿದ್ದೆ. ಒಳಗೆ ಎಂಟು ಬಣ್ಣದ ಎಳೆಗಳು, ಎರಡೆರಡು ಜೋಡಿಯಾಗಿ ಹುರಿಗೊಂಡಿದ್ದವು. ಪ್ರತಿ ಜೋಡಿಯ ಹುರಿಯೂ ಬೇರೆ ಬೇರೆ. ಒಂದು ಬಿಗಿ, ಒಂದು ಸಡಿಲ. ಒಂದರ ಮಾತು ಇನ್ನೊಂದಕ್ಕೆ ಕೇಳಿಸಬಾರದೆಂದು ಹೀಗೆ ಹೊಸೆಯುತ್ತಾರಂತೆ. ಕಾರ್ಕಳದಲ್ಲಿ ನನ್ನ ಅಜ್ಜಿ ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದದ್ದು ನೆನಪಾಯಿತು. ಹೊಸೆದು ಹೊಸೆದು ಅವಳ ತೊಡೆಯ ಆ ಜಾಗ ನುಣ್ಣಗೆ ಹೊಳೆಯುತ್ತಿತ್ತು. ನನ್ನ ಕೈಗೆ ನಾರು ಕೊಟ್ಟರೆ ಹುರಿಯೂ ಅಲ್ಲದ, ಜುಟ್ಟೂ ಅಲ್ಲದ ಒಂದು ಪ್ರಾಣಿ ಹುಟ್ಟುತ್ತಿತ್ತು. "ಇದರಿಂದ ಕರುವನ್ನು ಕಟ್ಟಿದರೆ ಕರು ನಗ್ತದೆ," ಎನ್ನುತ್ತಿದ್ದಳು ಅಜ್ಜಿ. ಆ ಅಜ್ಜಿಯ ಹುರಿಯೇ ಬಣ್ಣ ಬಳಿದುಕೊಂಡು ಕುವೈತಿನ ಹಾಡನ್ನು ಕಾಪುವಿಗೆ ತರುತ್ತದೆ ಎಂದರೆ, ನೀವೇ ಹೇಳಿ, ಬೆರಗಾಗದೆ ಏನು ಮಾಡುವುದು?

ನಮ್ಮ ಜಗಲಿಯಿಂದ ಹೊರಟ ವಯರು ಅಂಗಳ ದಾಟಿ, ಕಂಪೌಂಡಿನ ಪಕ್ಕದ ತೆಂಗಿನಮರಕ್ಕೆ ಒಂದು ಸುತ್ತು ಹಾಕಿ, ಲಿಲ್ಲಿ ಬಾಯಿಯ ಕಿಟಕಿಯಿಂದ ಒಳಹೊಕ್ಕು ಅವರ ಮೇಜು ಸೇರಿತು. ಕಲ್ಲಾಗಿದ್ದ ಸೊಪ್ರಾನೊಗೆ ಜೀವ ಬಂತು. ಮಳೆ, ಬಿಸಿಲು, ಉಪ್ಪು, ಅಳಿಲು ಎಲ್ಲವನ್ನೂ ಲೆಕ್ಕ ಹಾಕಿದ್ದೆನೆಂದು ನಾನು ಬೀಗಿದೆ. ಬಿಟ್ಟುಹೋದದ್ದು ಆಕಾಶ ಒಂದು.

ಈಗ ಗುಡುಗಿನ ವಿಷಯ ಹೇಳಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಮತ್ತು ಅದು ಮುಗಿಯುವ ಹೊತ್ತಿಗೆ ಬರುವ ಗುಡುಗು ಸುಮ್ಮನೆ ಬಂದು ಹೋಗುವ ಅತಿಥಿಯಲ್ಲ. ಅದರ ಮೊದಲ ಗುಟುರು ಕೇಳಿದೊಡನೆ ಕರಾವಳಿಯ ಮನೆಮನೆಗಳಲ್ಲಿ ಒಂದು ಓಡಾಟ ಶುರುವಾಗುತ್ತದೆ. ಟಿವಿಯ ಪ್ಲಗ್ಗು, ಫ್ರಿಜ್ಜಿನದು, ಮಿಕ್ಸಿಯದು, ಪಂಪಿನದು ಎಲ್ಲ ಗೋಡೆಯಿಂದ ಹೊರಬಂದು ಜೋತುಬೀಳುತ್ತವೆ. ಪ್ಲಗ್ಗು ತೆಗೆಯುವುದರಲ್ಲಿ ನಮ್ಮನ್ನು ಮೀರಿಸುವವರು ಎಲ್ಲೂ ಇರಲಾರರು. ಇದಾದ ಮೇಲೆ ನನ್ನ ಅತ್ತೆ ಅಡುಗೆಮನೆಯಿಂದ ಕಬ್ಬಿಣದ ಕತ್ತಿಯನ್ನು ತಂದು ಅಂಗಳಕ್ಕೆ ಬಿಸಾಡುತ್ತಾರೆ. ಸಿಡಿಲು ಕಬ್ಬಿಣವನ್ನು ಹುಡುಕಿಕೊಂಡು ಬರುತ್ತದೆ, ಬಂದರೆ ಅಂಗಳಕ್ಕೇ ಬರಲಿ, ಮನೆಗೆ ಬೇಡ ಎಂದು ಅದರ ಅರ್ಥ. ಗೋಡೆಯ ಆಚೆ ಲಿಲ್ಲಿ ಬಾಯಿಯದು ಬೇರೆ ಕ್ರಮ. ಈಸ್ಟರಿನ ಹಿಂದಿನ ಭಾನುವಾರ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆಂಗಿನ ಎಳೆಗರಿಯನ್ನು ಅವರು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಗುಡುಗು ಬಂದಾಗ ಒಣಗಿದ ಆ ಗರಿಯ ಒಂದು ತುಂಡನ್ನು ಒಲೆಯಲ್ಲಿ ಸುಡುತ್ತಾರೆ. ಅದರ ಹೊಗೆ ಕಂಪೌಂಡು ದಾಟಿ ನಮ್ಮ ಜಗಲಿಗೆ ಬಂದರೆ ಅತ್ತೆ, "ಹಾಂ, ಬಾಯಮ್ಮನದೂ ಆಯ್ತು," ಎಂದು ಮಣೆಯ ಮೇಲೆ ನಿಶ್ಚಿಂತೆಯಿಂದ ಕೂರುತ್ತಾರೆ.

ಆ ಸಂಜೆ, ಮೇ ತಿಂಗಳು, ಆಕಾಶ ಕಡಲಿನ ಕಡೆಯಿಂದ ಮಸಿಯ ಹಾಗೆ ಏರಿಬಂತು. ಗಾಳಿಗೆ ಕಾಟುಮಾವಿನಹಣ್ಣುಗಳು ಹೆಂಚಿನ ಮೇಲೆ ದಬದಬ ಬಿದ್ದವು. ನಾನು ಪ್ಲಗ್ಗುಗಳನ್ನೆಲ್ಲ ತೆಗೆದು ಜಗಲಿಗೆ ಬಂದೆ. ಕತ್ತಿ ಆಗಲೇ ಅಂಗಳದಲ್ಲಿತ್ತು. ಅತ್ತೆ ಗೋಡೆಯತ್ತ ಕೂಗಿದರು.

"ಬಾಯಮ್ಮಾ, ಪ್ಲಗ್ಗು ತೆಗೆದಾಯ್ತಾ?"

"ಆಯ್ತು ಗಿರಿಜಕ್ಕ, ಎಲ್ಲ ಆಯ್ತು!" ಎಂದಿತು ಗೋಡೆ. ಹಿಂದೆಯೇ ಹಾರ್ಮೋನಿಯಂ ಕೇಳಿಸಿತು. ಕರೆಂಟು ಬೇಡದ ವಾದ್ಯವಲ್ಲವೇ? ಪಾಠ ನಿಂತರೂ ಲಿಲ್ಲಿ ಬಾಯಿ ಅದೇ ಮೇಜಿನ ಮುಂದೆ ಕೂತು ಮರುದಿನದ ಹಾಡು ನುಡಿಸಿಕೊಳ್ಳುತ್ತಿದ್ದರು. ಮೊಣಕೈಯ ಪಕ್ಕದಲ್ಲೇ ಲ್ಯಾಪ್‌ಟಾಪು. ಅದಕ್ಕೆ ಚುಚ್ಚಿದ್ದ ನನ್ನ ವಯರು ಹಾಗೆಯೇ ಇತ್ತು.

ಅತ್ತೆ ಮೂಗು ಮೇಲೆತ್ತಿ ಗಾಳಿ ಹಿಡಿದರು. "ಗರಿಯ ಹೊಗೆ ಬರಲಿಲ್ಲವಲ್ಲ ಮಗಾ," ಎಂದು ನನಗೆ ಹೇಳಿ, ಮತ್ತೆ ಗೋಡೆಗೆ, "ಬಾಯಮ್ಮಾ! ನಿಮ್ಮ ಗರಿ ಸುಟ್ಟದ್ದುಂಟಾ?" ಎಂದರು.

ಉತ್ತರ ಬರಲಿಲ್ಲ. ಹಾರ್ಮೋನಿಯಂ ಇನ್ನೂ ನಡೆಯುತ್ತಿತ್ತು. ಆಮೇಲೆ ಅದು ನಿಂತಿತು. ಆಮೇಲೆ ಬೆಳಕು.

ಈ ಜಾಗದಲ್ಲಿ ನನ್ನ ನೆನಪು ಇವತ್ತಿಗೂ ಎಡವುತ್ತದೆ. ಅದನ್ನು ಬೆಳಕು ಎಂದರೂ ತಪ್ಪೇ. ತೆಂಗಿನಮರದ ತಲೆಯ ಮೇಲೆ ಆಕಾಶ ಕಾಲೂರಿ ನಿಂತಿತು. ಮರ, ಗೋಡೆ, ಅತ್ತೆಯ ಎತ್ತಿದ ಕೈ ಎಲ್ಲ ನೆರಳಿಲ್ಲದೆ ಬೆಳ್ಳಗಾದವು. ಮರಕ್ಕೆ ಸುತ್ತು ಹಾಕಿದ್ದ ನನ್ನ ಕಪ್ಪು ವಯರು ನೀಲಿಯಾಗಿ ಹೊತ್ತಿಕೊಂಡು, ಒಂದು ನೀಲಿಗೆರೆ ನಮ್ಮ ಕಡೆಗೂ ಒಂದು ನೀಲಿಗೆರೆ ಆಚೆಯ ಕಿಟಕಿಗೂ ಓಡಿದ್ದನ್ನು ನಾನು ಕಂಡೆ. ಸದ್ದು ಕೇಳಿಸಿತೆಂದು ಹೇಳಲಾರೆ. ಸದ್ದು ನನ್ನ ಎದೆಯೊಳಗೇ ಆಯಿತು. ಮೈಯ ರೋಮವೆಲ್ಲ ಎದ್ದು ನಿಂತಿತ್ತು. ಒಳಗೆ ನಮ್ಮ ರೌಟರು ಪಟಾಕಿಯಂತೆ ಸಿಡಿದು ಬಿತ್ತು. ಸುಟ್ಟ ವಾಸನೆಯ ನಡುವೆ, ಹೆದರಿಕೆಗಿಂತ ಮೊದಲು, ನನ್ನೊಳಗೆ ಎದ್ದ ಮಾತು "ಎಷ್ಟು ಚಂದ" ಎಂಬುದು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಅನಿಸಿತು. ಆ ನೀಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುಕ್ಷಣವೇ ಹಾರ್ಮೋನಿಯಂ ನೆನಪಾಯಿತು. ಅದು ನಿಂತಿತ್ತು. ಬೆಳಕಿಗಿಂತ ಮೊದಲು ನಿಂತಿತೇ, ಬೆಳಕಿನಿಂದ ನಿಂತಿತೇ?

ಚಪ್ಪಲಿ ಹಾಕಲಿಲ್ಲ, ಮಳೆ ನೋಡಲಿಲ್ಲ, ಅತ್ತೆ "ಹೋಗಬೇಡ ಮಗಾ!" ಎಂದು ಕೂಗಿದ್ದಕ್ಕೂ ನಿಲ್ಲಲಿಲ್ಲ. ಹಿಂದಿನ ಗೋಡೆಯಲ್ಲಿದ್ದ ದಣಪೆಯ ಅಡ್ಡಗಳು ದಾಟಿ ಓಡಿದೆ. ಓಡುವಾಗಲೇ ಮನಸ್ಸು ಲೆಕ್ಕ ಹಾಕುತ್ತಿತ್ತು: ಮೊದಲು ಹಾರ್ಮೋನಿಯಂ, ಆಮೇಲೆ ಬೆಳಕು. ಅಲ್ಲ, ಎರಡೂ ಒಟ್ಟಿಗೆ. ಅಲ್ಲ, ಮೊದಲು ಹಾರ್ಮೋನಿಯಂ. ಮೇಜಿನ ಕೋಣೆಯ ಕಿಟಕಿಯಲ್ಲಿ ಹೊಗೆಯಾಡುತ್ತಿತ್ತು. ಕುರ್ಚಿ ಖಾಲಿ. ಲ್ಯಾಪ್‌ಟಾಪಿನ ಒಂದು ಮಗ್ಗುಲೇ ಹಾರಿಹೋಗಿ, ಮೇಜಿನ ಮೇಲೆ ಅಂಗೈ ಅಗಲದ ಕಪ್ಪು ನಕ್ಷತ್ರ ಮೂಡಿತ್ತು. ಹಾರ್ಮೋನಿಯಮ್ಮಿನ ಕೊನೆಯ ಕೆಲವು ಕೀಲಿಗಳು ಕಂದಿದ್ದವು.

ಲಿಲ್ಲಿ ಬಾಯಿ ಅಡುಗೆಮನೆಯಲ್ಲಿದ್ದರು. ಒಲೆಯ ಮುಂದೆ, ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಂದು ಕೈಯಲ್ಲಿ ಇನ್ನೂ ಹೊತ್ತದ ಗರಿಯ ತುಂಡು.

"ಎಂತ ವಿನಯಾ, ಇಷ್ಟು ಜೋರು ಬಿದ್ದದ್ದು ಎಲ್ಲಿಗೆ?" ಎಂದರು. "ಗಿರಿಜಕ್ಕ ಕೇಳಿದ ಮೇಲೆ ನೆನಪಾಯ್ತು ನನಗೆ, ಗರಿ ಮರೆತೇಹೋಗಿತ್ತು. ನೀನು ಯಾಕೆ ಅಳ್ತಿ?"

ನಾನು ಅಳುತ್ತಿದ್ದೇನೆಂದು ಆಗ ಗೊತ್ತಾಯಿತು. ಅವರನ್ನು ಕರೆತಂದು ಆ ಖಾಲಿ ಕುರ್ಚಿ ತೋರಿಸಿದೆ. ಅವರು ಕಪ್ಪು ನಕ್ಷತ್ರದ ಮೇಲೆ ಬೆರಳಾಡಿಸಿದರು. ಮತ್ತೆ ಅಡುಗೆಮನೆಗೆ ಹೋಗಿ ಗರಿ ಸುಟ್ಟು ಬಂದರು. ಗೋಡೆಯ ಆಚೆಯಿಂದ ಅತ್ತೆಯ ಸ್ವರ ಬಂತು: "ಹೊಗೆ ಬಂತು! ಹೊಗೆ ಬಂತು!"

ಮಾರನೆಯ ದಿನ ಊರಿಗೆ ಊರೇ ನಮ್ಮ ತೆಂಗಿನಮರ ನೋಡಲು ಬಂತು. ತುದಿ ಸುಟ್ಟು, ಸುತ್ತಿನ ಗುರುತು ಕಾಂಡದ ಮೇಲೆ ಬಳೆಯ ಹಾಗೆ ಉಳಿದಿತ್ತು. ವಯರಂತೂ ಹೊದಿಕೆ ಸೀಳಿ, ಹಾವಿನ ಪೊರೆಯಂತೆ ಬಿದ್ದಿತ್ತು. ಜಗಲಿಯಲ್ಲಿ ಅತ್ತೆಗೂ ಲಿಲ್ಲಿ ಬಾಯಿಗೂ ಚರ್ಚೆ ನಡೆಯಿತು.

"ನಿಮ್ಮ ಕತ್ತಿ ಅಂಗಳದಲ್ಲೇ ಇತ್ತಲ್ಲ ಗಿರಿಜಕ್ಕ, ಸಿಡಿಲು ಮರಕ್ಕೆ ಬಿದ್ದದ್ದು ಯಾಕೆ?"

"ಮನೆಗೆ ಬೀಳಲಿಲ್ಲ ಅಲ್ವಾ? ನಿಮ್ಮ ಗರಿ ಎಂತ ಮಾಡಿತು, ಅದಕ್ಕೆ ಬೆಂಕಿಯೇ ಹಿಡಿದಿರಲಿಲ್ಲ."

"ನನ್ನನ್ನು ಕುರ್ಚಿಯಿಂದ ಎಬ್ಬಿಸಿತು."

"ಎಬ್ಬಿಸಿದ್ದು ಗರಿಯಾ? ಗಂಟಲು ಹರಿದುಕೊಂಡು ಕೂಗಿದ್ದು ನಾನು!"

ಇಬ್ಬರೂ ತೀರ್ಪಿಗೆ ನನ್ನ ಮುಖ ನೋಡಿದರು. ಕಲಿತವಳಲ್ಲವೇ? ನಾನು ಚಹಾ ತರುತ್ತೇನೆಂದು ಒಳಗೆ ಹೋದೆ. ನನ್ನ ಓದು ಕತ್ತಿಯನ್ನೂ ಒಪ್ಪುವುದಿಲ್ಲ, ಗರಿಯನ್ನೂ ಒಪ್ಪುವುದಿಲ್ಲ. ಆದರೆ ಒಬ್ಬರು ತಮ್ಮದಲ್ಲದ ದೇವರ ಹೊಗೆಗೆ ಮೂಗು ತೆರೆದು ಕಾಯುತ್ತಾರೆ, ಅದು ಬಾರದಿದ್ದರೆ ಗೋಡೆಯಾಚೆಗೆ ಕೂಗಿ ಕೇಳುತ್ತಾರೆ ಎನ್ನುವುದರ ಮುಂದೆ ನನ್ನ ಓದು ಸುಮ್ಮನಾಗಿಬಿಟ್ಟಿತು.

ಚಹಾ ಕುದಿಯುವಾಗ ಇನ್ನೊಂದು ನೆನಪು ಬಂತು. ಕಾರ್ಕಳದ ನಮ್ಮ ಮನೆಗೆ ಟಿವಿ ಬಂದಾಗ ಮಾಡಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಇತ್ತು. ಗುಡುಗು ಬಂದರೆ ಅಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡು ಚಾವಡಿಗೆ ಬರುತ್ತಿದ್ದರು. ಮನೆಯೊಳಗೆ ಚಪ್ಪಲಿಗೆ ಅನುಮತಿಯಿದ್ದದ್ದು ಆಗ ಮಾತ್ರ. ಬಂದು, ಕರೆಂಟಿನ ಪ್ಲಗ್ಗಿಗಿಂತ ಮೊದಲು, ಆಂಟೆನಾದ ಚಪ್ಪಟೆ ವಯರನ್ನು ಕಿತ್ತು ಕಿಟಕಿಯಾಚೆ ಎಸೆಯುತ್ತಿದ್ದರು. ಅದು ಹೊರಗೆ ಮಳೆಯಲ್ಲಿ ತೊಯ್ಯುತ್ತಾ ನೇತಾಡುವುದನ್ನು ನಾವು ಮಂಚದ ಮೇಲೆ ಕಾಲು ಮಡಚಿಕೊಂಡು ನೋಡುತ್ತಿದ್ದೆವು. ಆಂಟೆನಾ ಹೋಯಿತು, ಅದರೊಡನೆ ಆ ನಿಯಮವೂ ಹೋಯಿತು. ಈಗ ನಮಗೆ ಗೋಡೆಯ ಪ್ಲಗ್ಗಿಗೆ ಸೇರಿದ್ದು ಮಾತ್ರ ವಯರು. ಇಂಟರ್ನೆಟ್ಟಿನದು ಮಾತು ಹೋಗುವ ದಾರಿ, ಅಷ್ಟೇ; ಅದರಲ್ಲಿ ಬೇರೇನೂ ಬರುವುದಿಲ್ಲ ಎಂದು ಎರಡು ಮನೆಯವರೂ ನಂಬಿ ಕೂತಿದ್ದೆವು.

ಇನ್ನು ಎರಡು ಮನೆಗಳ ನಡುವೆ ಬಟ್ಟೆ ಒಣಗಿಸುವ ಹಗ್ಗವನ್ನೂ ಕಟ್ಟುವುದಿಲ್ಲ ಎಂದು ನಾನು ಘೋಷಿಸಿದೆ. ಲಿಲ್ಲಿ ಬಾಯಿ ಒಪ್ಪಿಕೊಂಡರು. ಸಂಜೆ ನಮ್ಮ ಜಗಲಿಗೇ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಪಾಠ ಮಾಡುತ್ತಿದ್ದರು. ಅತ್ತೆಗೆ ಅದು ಹಬ್ಬ. ಕೊಂಕಣಿ ಹಾಡುಗಳಿಗೆ ತುಳುವಿನಲ್ಲಿ ಅಭಿಪ್ರಾಯ ಕೊಡುತ್ತಿದ್ದರು. ಆದರೆ ಪಾಠ ಮುಗಿಸಿ ಹೊರಡುವಾಗ ಲಿಲ್ಲಿ ಬಾಯಿ ದಿನದಿನಕ್ಕೂ ತಡಮಾಡತೊಡಗಿದರು. ಒಮ್ಮೆ ಮೆಟ್ಟಿಲಲ್ಲಿ ನಿಂತು ಹೇಳಿದರು: "ಇಲ್ಲಿ ಹಾಡಿ ಅಲ್ಲಿಗೆ ಹೋದರೆ ಆ ಮನೆ ಖಾಲಿ ಪೆಟ್ಟಿಗೆಯ ಹಾಗೆ ಆಗ್ತದೆ ವಿನಯಾ. ನನ್ನ ಗೋಡೆಗಳಿಗೂ ಹಾಡು ಕೇಳಿ ಅಭ್ಯಾಸ. ಹೆದರಿಕೆ ನನಗೂ ಉಂಟು. ಆದರೂ…"

ಆ "ಆದರೂ" ನನ್ನನ್ನು ಮತ್ತೆ ಓದಿಗೆ ಕೂರಿಸಿತು. ಈ ಸಲ ನಾನು ಹುಡುಕಿದ್ದು ವೇಗವನ್ನಲ್ಲ. ಮಾತನ್ನು ಬಿಟ್ಟುಕೊಂಡು ಸಿಡಿಲನ್ನು ಬಿಟ್ಟುಕೊಳ್ಳದ ದಾರಿ ಯಾವುದಾದರೂ ಉಂಟೇ? ಉಂಟು. ಅದು ರಸ್ತೆಯ ಕಂಬದಿಂದ ನಮ್ಮ ಮನೆಯ ತನಕ ಬಂದೂ ಆಗಿತ್ತು: ಗಾಜಿನ ದಾರ. ಕೂದಲಿನಷ್ಟು ತೆಳ್ಳಗಿನ ಗಾಜಿನೊಳಗೆ ಬೆಳಕು ಓಡುತ್ತದೆ. ಗಾಜಿಗೂ ಕರೆಂಟಿಗೂ ಮಾತುಕತೆಯಿಲ್ಲ. ಆದರೆ ಓದುತ್ತಾ ಓದುತ್ತಾ ಒಂದು ಸಾಲು ಕಣ್ಣಿಗೆ ಚುಚ್ಚಿತು. ಹೊರಗೆ ಎಳೆಯುವ ಗಾಜಿನ ಕೇಬಲ್ಲುಗಳು ಜೋತು ಬೀಳಬಾರದೆಂದು ಹಲವುಗಳಲ್ಲಿ ಉಕ್ಕಿನ ತಂತಿಯನ್ನೂ ಸೇರಿಸುತ್ತಾರಂತೆ. ಕಬ್ಬಿಣ! ಅತ್ತೆ ಕತ್ತಿಯನ್ನು ಅಂಗಳಕ್ಕೆ ಬಿಸಾಡುವಾಗ ನಾನು ಅದನ್ನೇ ಮನೆಯಿಂದ ಮನೆಗೆ ಕಟ್ಟುವುದೇ? ಫ್ರಿಜ್ಜಿನ ಬಾಗಿಲಿನಿಂದ ದೀಪಸ್ತಂಭ ಕಿತ್ತುಕೊಂಡು ಉಡುಪಿಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿದ್ದವರು ಗದಗದ ಕಡೆಯ ಮಲ್ಲಪ್ಪ. ಒಂದು ಸುರುಳಿಯನ್ನು ಹೆಮ್ಮೆಯಿಂದ ಎದುರಿಗಿಟ್ಟರು. "ಇದನ್ನ ಒಯ್ರಿ ಅಕ್ಕಾರ. ಒಳಗ ಸ್ಟೀಲ್ ತಂತಿ ಐತಿ. ಮಂಗ್ಯಾ ಜೋತಾಡಿದ್ರೂ ಹರಿಯಂಗಿಲ್ಲ."

ನಾನು ದೀಪಸ್ತಂಭವನ್ನು ಹತ್ತಿರ ಹಿಡಿದೆ. ಟಪ್ಪನೆ ಅಂಟಿಕೊಂಡಿತು. "ಇದು ಬೇಡ. ಕಬ್ಬಿಣ ಇಲ್ಲದ್ದು ಬೇಕು."

"ಎಲ್ಲಾರೂ ಕಬ್ಬಿಣ ಇದ್ದದ್ದು ಕೊಡ್ರಿ ಅಂತಾರ, ನೀವೊಬ್ರು ಬ್ಯಾಡ ಅಂತೀರಲ್ರೀ. ಮತ್ತ ಇದೇನ್ರಿ, ಲೈಟ್‌ಹೌಸು?"

ಕಥೆ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಸ್ಟೂಲಿನ ಮೇಲೆ ಕೂತುಬಿಟ್ಟರು. "ಹಂಗಾದ್ರ ತಡೀರಿ," ಎಂದು ಒಳಗಿನಿಂದ ಬೇರೆ ಸುರುಳಿಗಳನ್ನು ತಂದರು. ದೀಪಸ್ತಂಭ ಒಂದೊಂದಕ್ಕೂ ಅಂಟುತ್ತಾ ಹೋಯಿತು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಸುರುಳಿ. ಗಾಜಿನ ಎಳೆಗೆ ಆಸರೆಯಾಗಿ ನಾರಿನ ಕಡ್ಡಿ, ಲೋಹ ಎಲ್ಲೂ ಇಲ್ಲ. ಹಿಡಿದೆ. ದೀಪಸ್ತಂಭ ಜಾರಿ ಕೆಳಗೆ ಬಿತ್ತು. ಮತ್ತೆ ಹಿಡಿದೆ. ಮತ್ತೆ ಬಿತ್ತು. ಅಂಗಡಿಯಲ್ಲಿ ನಿಂತು ಅಯಸ್ಕಾಂತ ಬೀಳಿಸಿ ಬೀಳಿಸಿ ನಗುವ ಹೆಂಗಸನ್ನು ಕಂಡು ಉಳಿದ ಗಿರಾಕಿಗಳು ಸ್ವಲ್ಪ ದೂರ ಸರಿದರು.

ಮಲ್ಲಪ್ಪನವರೇ ಬಂದು ದಾರ ಎಳೆದರು. ಈ ಸಲ ಮರಕ್ಕೆ ಸುತ್ತು ಹಾಕಲಿಲ್ಲ, ಮಾಡಿನಿಂದ ಮಾಡಿಗೆ ನೇರ. ಎರಡು ತುದಿಗಳಲ್ಲಿ ಎರಡು ಪುಟ್ಟ ಪೆಟ್ಟಿಗೆಗಳು, ಅವಕ್ಕೂ ನಮ್ಮ ಹೊಸ ರೌಟರಿಗೂ ಪುಟ್ಟ ಬ್ಯಾಟರಿಗಳು. ಗುಡುಗು ಬಂದಾಗ ಗೋಡೆಯ ಪ್ಲಗ್ಗು ತೆಗೆದರೂ ಅವು ಉಸಿರಾಡುತ್ತವೆ. ಜೋಡಿಸುವ ಮೊದಲು ಪರೀಕ್ಷೆಗೆಂದು ಅವರು ನಮ್ಮ ಕಡೆಯ ತುದಿಗೆ ಪೆನ್ನಿನಂಥ ಒಂದು ಕೆಂಪು ದೀಪ ಹಿಡಿದು, "ಆ ಕಡಿ ನೋಡ್ರಿ, ಕಣ್ಣಿಗೆ ಮಾತ್ರ ಹಿಡಿಬ್ಯಾಡ್ರಿ," ಎಂದು ಕೂಗಿದರು. ಆಚೆ ಲಿಲ್ಲಿ ಬಾಯಿ ದಾರದ ತುದಿಯ ಕೆಳಗೆ ಅಂಗೈ ಒಡ್ಡಿ ನಿಂತಿದ್ದರು. ಸುಕ್ಕುಗಟ್ಟಿದ ಆ ಅಂಗೈ ಮೇಲೆ ಗುಲಗಂಜಿಯಷ್ಟು ಕೆಂಪು ಬೆಳಕು ಬಂದು ಕೂತಿತು.

"ದೇವಾ," ಎಂದರು ಅವರು ಮೆಲ್ಲಗೆ. "ಬಿಸಿಯೇ ಇಲ್ಲವಲ್ಲ."

ಅದೇ ಗೋಡೆ, ಅದೇ ಕಿಟಕಿ. ಅವತ್ತು ಬಂದದ್ದೂ ಬೆಳಕೇ, ಇವತ್ತು ಬಂದದ್ದೂ ಬೆಳಕೇ.

ಲಿಲ್ಲಿ ಬಾಯಿಯ ಮೇಜಿಗೆ ಹೊಸ ಲ್ಯಾಪ್‌ಟಾಪು ಬಂತು, ಪಾಠ ಮತ್ತೆ ಆ ಮನೆಗೇ ಹೋಯಿತು. ಮಳೆಗಾಲ ಕಳೆಯಿತು. ನವರಾತ್ರಿಯ ನಂತರ ಒಂದು ಸಂಜೆ ಕಡಲಿನ ಕಡೆಯಿಂದ ಮತ್ತೆ ಆ ಗುಟುರು ಕೇಳಿಸಿತು. ಪ್ಲಗ್ಗುಗಳನ್ನು ಹೇಗೋ ತೆಗೆದೆ. ಕತ್ತಿ ಅಂಗಳಕ್ಕೆ ಹೋಗಿ ಬಿತ್ತು. ಊರಿನ ಕರೆಂಟೂ ಹೋಯಿತು. ಮನೆಯಿಡೀ ಕತ್ತಲಾದಾಗ ಮೂಲೆಯ ಪೆಟ್ಟಿಗೆಯಲ್ಲಿ ಒಂದು ಹಸಿರು ಕಣ್ಣು ಮಾತ್ರ ಮಿಟುಕುತ್ತಿತ್ತು. ಆಚೆಯ ತೆರೆದ ಕಿಟಕಿಯಿಂದ ಹಾರ್ಮೋನಿಯಂ, ಅದರ ಮೇಲೆ ದೂರದ ಹೆಣ್ಣುಸ್ವರ ಒಂದು, ಪಾಠ ನಿಂತಿರಲಿಲ್ಲ. ಕೇಬಲ್ಲನ್ನೂ ಕಿತ್ತುಬಿಡಲೇ ಎಂದು ನಾನು ಕೈ ಚಾಚಿದೆ. ಗೋಡೆಯತ್ತ ಕೂಗಲು ಅತ್ತೆ ಉಸಿರೆಳೆದುಕೊಂಡರು.

ಅಷ್ಟರಲ್ಲಿ ಹಾರ್ಮೋನಿಯಂ ನಿಂತಿತು.

ಅಂಗಳ ಬೆಳ್ಳಗಾಯಿತು. ಗುಡುಗು ಹೆಂಚುಗಳನ್ನು ಅಲುಗಿಸಿಕೊಂಡು ಹೋಯಿತು. ನಾನು ಚಾಚಿದ ಕೈಯನ್ನು ಹಿಂದಕ್ಕೆ ತರಲಾರದೆ ನಿಂತಿದ್ದೆ. ಆಮೇಲೆ ಗೋಡೆ ದಾಟಿ, ಒದ್ದೆ ಗಾಳಿಯಲ್ಲಿ ತಡವರಿಸುತ್ತಾ, ಒಣಗರಿ ಸುಟ್ಟ ಹೊಗೆ ಬಂತು. ಅತ್ತೆ ಎಳೆದುಕೊಂಡ ಉಸಿರನ್ನು ಬಿಟ್ಟು ಮಣೆಯ ಮೇಲೆ ಕೂತರು. ಕುರ್ಚಿ ಎಳೆದ ಸದ್ದು. ಹಾರ್ಮೋನಿಯಮ್ಮಿನ ತಿದಿ ಮತ್ತೆ ಉಸಿರಾಡಿತು.

"ಅಲ್ಲಿ ಗುಡುಗಾ ಬಾಯಿ?" ಎಂದು ಕುವೈತಿನ ಸ್ವರ ಕೊಂಕಣಿಯಲ್ಲಿ ಕೇಳಿತು.

"ಹೌದು, ಗುಡುಗು," ಎಂದರು ಲಿಲ್ಲಿ ಬಾಯಿ. "ನೀನು ಶ್ರುತಿ ಬಿಡಬೇಡ. ಮೊದಲಿನಿಂದ ಹಾಡು."